ವ್ಯಾನಿನ ಅಡಿಯಲ್ಲಿ ಮಲಗಿದವಳು

ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆ ಇತ್ತು: ಗೃಹಿಣಿ, ಕೆಲಸಕ್ಕೆ ಅನುಮತಿ ಇಲ್ಲ. ಮಸ್ಕತ್ತಿನ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಅದನ್ನು ಓದಿದೆ, ಮೈಯೆಲ್ಲ ಉರಿಯಿತು. ಮದುವೆಗೆ ಮೊದಲು ಉಡುಪಿಯ ಹತ್ತಿರದ ನಮ್ಮೂರಿನಲ್ಲಿ ಅರ್ಧ ಕೇರಿಯ ರವಿಕೆ ಹೊಲಿದವಳು ನಾನು. ಹೊಲಿಗೆ ಮೆಷಿನ್ನು ಕೆಟ್ಟರೆ ರಿಪೇರಿಯವನನ್ನು ಕಾಯದೆ ನಾನೇ ಬಿಚ್ಚಿ, ಎಣ್ಣೆ ಹಾಕಿ, ಜೋಡಿಸುತ್ತಿದ್ದೆ. ಇಲ್ಲಿ ನೋಡಿದರೆ ಅಲ್ ಖೌದ್‌ನ ಫ್ಲ್ಯಾಟು ಕಂಪನಿಯದ್ದು, ಕಂಪನಿ ಕಫೀಲನದ್ದು, ಅಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಅರಬನದ್ದು, ನನ್ನ ವೀಸಾ ಗಂಡನ ಹೆಸರಿನಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಯಾರನ್ನೋ ಕೇಳಬೇಕಿತ್ತು.

ಎಂಬತ್ತರ ದಶಕದ ಕೊನೆಗೆ ಆ ವ್ಯಾನು ಬಂತು. ನನ್ನ ಗಂಡ ರುಸೈಲಿನ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಅಲ್ಲಿಗೆ ಬಂದು ಹೋಗುತ್ತಿದ್ದ ಜರ್ಮನ್ ಎಂಜಿನಿಯರ್ ಒಬ್ಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟವನು, ತನಗಿಂತ ವಯಸ್ಸಿನಲ್ಲಿ ಸ್ವಲ್ಪವೇ ಚಿಕ್ಕದಾದ ಹಳೆಯ ಮನೆವ್ಯಾನನ್ನು ಇವರಿಗೆ ಹೆಚ್ಚುಕಡಿಮೆ ಬಿಟ್ಟೇ ಹೋದ. ಒಳಗೆ ಮಡಚುವ ಮಂಚ, ಎರಡು ಉರಿಯ ಗ್ಯಾಸ್ ಒಲೆ, ಬೋಗುಣಿಯಷ್ಟು ದೊಡ್ಡ ಸಿಂಕು. ವ್ಯಾನಿನ ತಲೆಯ ಮೇಲಿನ ಮಾಡನ್ನು ಮೇಲಕ್ಕೆ ತಳ್ಳಿದರೆ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡು ನೆಟ್ಟಗೆ ನಿಂತು ಅಡುಗೆ ಮಾಡಬಹುದು. ಎಂಜಿನ್ನು ಹಿಂದುಗಡೆ. ಮೊದಲ ಶುಕ್ರವಾರ ಅದನ್ನು ಸೀಬ್‌ನ ಕಡಲ ಬದಿಗೆ ಒಯ್ದು, ಬಾಗಿಲು ತೆರೆದಿಟ್ಟು ನಾನು ಗಂಜಿ ಬೇಯಿಸಿ ಬಂಗುಡೆ ಹುರಿದೆ. ಪರದೆ ನಾನೇ ಹೊಲಿದದ್ದು. ಅದನ್ನು ನೇತುಹಾಕಲು ಮೊಳೆಯನ್ನೂ ನಾನೇ ಹೊಡೆದೆ, ಯಾರನ್ನೂ ಕೇಳಲಿಲ್ಲ. ಆ ದೇಶದಲ್ಲಿ ನನ್ನದು ಎನ್ನಲು ನನಗೆ ಸಿಕ್ಕಿದ್ದು ಅದೊಂದೇ.

ಅಂಥ ಹಳೆಯ ಗಾಡಿಗಳ ಹುಚ್ಚಿದ್ದವರು ಇನ್ನೂ ಮೂವರು ಸಿಕ್ಕಿದರು. ಒಬ್ಬರು ಬಂಟ್ವಾಳದ ಕಡೆಯ ಪೊರ್ಬುಗಳು. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಯಜಮಾನರನ್ನು ಹಾಗೆ ಕರೆಯುವುದು. ಇನ್ನೊಬ್ಬ ಇಂಗ್ಲಿಷ್ ಮುದುಕ. ಮತ್ತೊಬ್ಬ ಅಲ್ ಅಮೇರಾತ್‌ನ ಒಮಾನಿ, ಹಿಂದಿ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದ. ಶುಕ್ರವಾರ ಎಲ್ಲರೂ ಒಂದೆಡೆ ಸೇರುವುದು, ಅರ್ಧ ದಿನ ರಿಪೇರಿ, ಅರ್ಧ ದಿನ ಊಟ.

ಆ ಗುಂಪಿಗೊಂದು ಕಟ್ಟಳೆ ಇತ್ತು. ಯಾರ ಗಾಡಿಯೋ ಅವರೇ ಅದರ ಅಡಿಗೆ ಹೋಗಬೇಕು. ಗ್ಯಾರೇಜಿನಲ್ಲಿ ಮಾಡಿಸಿಕೊಂಡು ಬಂದವನಿಗೆ ಆ ವಾರ ಮರ್ಯಾದೆ ಇಲ್ಲ. ಉಳಿದವರು ಸುತ್ತ ಕುರ್ಚಿ ಹಾಕಿ ಕೂತು, ಕೇಳಿದ ಸ್ಪ್ಯಾನರ್ ಕೈಗೆ ಕೊಡಬೇಕು, ಕೇಳದೆ ಬುದ್ಧಿ ಹೇಳಬಾರದು. ಅಡಿಯಲ್ಲಿ ಒಬ್ಬರಿರುವಾಗ ಆ ಗಾಡಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಬಾಗಿಲು ಕೂಡ ತೆಗೆಯುವ ಹಾಗಿಲ್ಲ. ಹಿಂದೆಂದೋ ಯಾರೋ ಒಳಗೆ ಹತ್ತಿ ಜಾಕು ಜಾರಿ ಇಂಗ್ಲಿಷ್ ಮುದುಕನ ಒಂದು ಬೆರಳು ಹೋಗಿತ್ತು, ಕಟ್ಟಳೆ ಅಲ್ಲಿಂದ ಬಂದದ್ದು. ಹೆಂಗಸರಿಗೆ ಮಾತ್ರ ಯಾವ ಕಟ್ಟಳೆಯೂ ಇರಲಿಲ್ಲ. ಹೆಂಗಸರು ಚಾ ಮಾಡಬೇಕು ಅಷ್ಟೆ. ನಾನು ಚಾ ಕುದಿಸುತ್ತಾ ಕಣ್ಣನ್ನೂ ಕಿವಿಯನ್ನೂ ಅವರ ಕಡೆಗೇ ಇಟ್ಟಿದ್ದೆ. ಒಮ್ಮೊಮ್ಮೆ ಚಾ ಉಕ್ಕಿ ಒಲೆ ಆರಿಹೋದದ್ದೂ ಉಂಟು.

ಅನಾಹುತಕ್ಕೆ ಕಾರಣ ಉಪ್ಪುಗಾಳಿ. ಕಡಲ ಬದಿ ನಿಲ್ಲಿಸಿ ನಿಲ್ಲಿಸಿ ವ್ಯಾನಿನ ತಳ ತುಕ್ಕು ಹಿಡಿಯಲು ಶುರುವಾಯಿತು. ನನ್ನ ಗಂಡ ಮತ್ತು ಪೊರ್ಬುಗಳು ತಲೆಗೆ ತಲೆ ಕೊಟ್ಟು ಒಂದು ಉಪಾಯ ಹುಡುಕಿದರು. ನಮ್ಮೂರಲ್ಲಿ ದೋಣಿಯನ್ನು ದಡಕ್ಕೆ ಎಳೆದು ಹಾಕಿ ಮೀನೆಣ್ಣೆ ಬಳಿಯುತ್ತಾರಲ್ಲ, ಅದನ್ನೇ ವ್ಯಾನಿಗೂ ಬಳಿಯುವುದು.

"ದೋಣಿಗೆ ಅಡಿಯಲ್ಲಿ ಸೈಲೆನ್ಸರ್ ಉಂಟಾ?" ಎಂದೆ ನಾನು.

"ನಿನಗೆಂತ ಗೊತ್ತುಂಟು, ಸುಮ್ಮನೆ ಕೂತ್ಕೊ," ಎಂದರು ಇವರು.

"ನಮ್ಮ ಅಜ್ಜನ ಕಾಲದಿಂದ ಮಾಡ್ಲಿಕ್ಕುಂಟು ಅಕ್ಕ, ಎಂತದೂ ಆಗುದಿಲ್ಲ," ಎಂದರು ಪೊರ್ಬುಗಳು.

ಸೀಬ್‌ನ ಮೀನುಗಾರರಿಂದ ಡಬ್ಬಿಗಟ್ಟಲೆ ತಂದು ಸುರಿದು ಬಳಿದರು. ನಮ್ಮ ಕರಾವಳಿಯವರು ಮಾತ್ರ ಮಾಡಬಹುದಾದ ಘನಕಾರ್ಯ. ಮಾರನೆಯ ದಿನದಿಂದ ಅಲ್ ಖೌದ್‌ನ ಬೆಕ್ಕುಗಳೆಲ್ಲ ನಮ್ಮ ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ, ನಮ್ಮ ವ್ಯಾನಿನ ಅಡಿಯಲ್ಲಿ ಸಂಸಾರ ಹೂಡಿದವು. ಎಂಜಿನ್ನು ಬಿಸಿಯಾದರೆ ಬೂತಾಯಿ ಮೀನು ಸುಟ್ಟ ವಾಸನೆ. ಅಷ್ಟೇ ಆಗಿದ್ದರೆ ಮೂಗು ಮುಚ್ಚಿಕೊಂಡು ಸಹಿಸಬಹುದಿತ್ತು. ನಮ್ಮೂರಿನ ಹಸಿ ನೆಲ ಅಲ್ಲವಲ್ಲ ಇದು. ರಸ್ತೆಯ ಧೂಳು, ಗಾಳಿಗೆ ಬಂದ ಮರಳು ಎಲ್ಲ ಆ ಎಣ್ಣೆಗೆ ಅಂಟಿ, ಬಿಸಿಲಿಗೆ ಬೆಂದು, ಕಲ್ಲಿನಂಥ ಕಪ್ಪು ಹೊಪ್ಪಳೆಯಾಯಿತು. ವರ್ಷದ ತಪಾಸಣೆಗೆ ಒಯ್ದಾಗ ಇನ್‌ಸ್ಪೆಕ್ಟರ್ ಬಗ್ಗಿ ನೋಡಿ, ಮೂಗು ಹಿಡಿದುಕೊಂಡು ಎದ್ದ. ಆಯಿಲ್ ಸೋರುತ್ತಿದೆಯೋ, ತಳ ತೂತಾಗಿದೆಯೋ ಒಂದೂ ಕಾಣುವುದಿಲ್ಲ, ಪೂರ್ತಿ ಶುಚಿ ಮಾಡಿ ತನ್ನಿ, ಇಲ್ಲದಿದ್ದರೆ ಮುಲ್ಕಿಯಾ ನವೀಕರಿಸುವುದಿಲ್ಲ ಎಂದ. ಮುಲ್ಕಿಯಾ ಎಂದರೆ ಗಾಡಿಯ ನೋಂದಣಿ. ಅದು ಮುಗಿದರೆ ರಸ್ತೆಗಿಳಿಸುವಂತಿಲ್ಲ.

ಅದೇ ಹೊತ್ತಿಗೆ ಇವರಿಗೆ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಬೆನ್ನು ಹಿಡಿಯಿತು. ಬಗ್ಗಬಾರದು, ನೆಲದಲ್ಲಿ ಮಲಗಬಾರದು ಎಂದರು ಡಾಕ್ಟರು. ಇವರು ಗಾಡಿಯ ಅಡಿಗೆ ಹೋಗುವಂತಿಲ್ಲ, ಗ್ಯಾರೇಜಿನವರು ವಾಸನೆಗೆ ಹೆದರಿ ಮುಟ್ಟಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಇವರು ತಲೆ ಎತ್ತದೆ ಹೇಳಿದರು, "ಅದನ್ನು ಮಾರುದಂತ ಮಾಡಿದ್ದೇನೆ. ರುಸೈಲಿನ ಕಾಕನಿಗೆ ಬೇಕಂತೆ."

ಕಾಕ ಕಾಸರಗೋಡಿನವನು, ಕಾರ್ಖಾನೆಗಳ ಗೇಟಿನ ಹೊರಗೆ ಚಾದ ಅಂಗಡಿ ಇಟ್ಟುಕೊಂಡಿದ್ದ. ವ್ಯಾನಿನ ಚಕ್ರ ಕಳಚಿ, ಇಟ್ಟಿಗೆಯ ಮೇಲೆ ಕೂರಿಸಿ, ಬದಿಯಲ್ಲಿ ದೊಡ್ಡ ಕಿಟಕಿ ಕೊರೆದು ಕೆಫೆಟೇರಿಯಾ ಮಾಡುವ ಆಲೋಚನೆ ಅವನದ್ದು.

"ನನ್ನನ್ನು ಕೇಳಿದ್ರಾ?" ಎಂದೆ.

"ನಿನ್ನನ್ನು ಎಂತ ಕೇಳುದು? ಗಾಡಿ ನನ್ನ ಹೆಸರಲ್ಲಿ ಉಂಟು. ಮಾತು ಕೊಟ್ಟಾಯ್ತು, ಖಲಾಸ್."

ಅನ್ನದ ಬಟ್ಟಲು ಅಲ್ಲೇ ಬಿಟ್ಟು ಎದ್ದೆ. ನನ್ನ ಅಡುಗೆಮನೆಯ ಚಕ್ರ ಕಳಚಿ ಇಟ್ಟಿಗೆಯ ಮೇಲೆ ಕೂರಿಸುತ್ತಾರಂತೆ. ಆವತ್ತು ನಾನು ಅತ್ತಿರಬೇಕು ಎಂದು ಯಾರಾದರೂ ಅಂದುಕೊಂಡರೆ ತಪ್ಪು, ಒಂದು ಹನಿ ಕಣ್ಣೀರೂ ಹಾಕಲಿಲ್ಲ.

ಮರುದಿನ ಇವರು ಕೆಲಸಕ್ಕೆ ಹೋದ ಮೇಲೆ ಇವರದ್ದೇ ಹಳೆಯ ಪ್ಯಾಂಟು ಹಾಕಿಕೊಂಡು, ತಲೆಗೆ ಬೈರಾಸು ಕಟ್ಟಿ, ತೆಂಗಿನಕಾಯಿ ಹೆರೆಯುವ ಹಳೆಯ ತುರಿಮಣೆಯ ಅಲಗನ್ನು ಕಳಚಿಕೊಂಡು ವ್ಯಾನಿನ ಅಡಿಗೆ ಹೋದೆ. ಚಾಪೆ ಹಾಸಿ ಅಂಗಾತ ಮಲಗಿ ಹೆರೆದೆ. ಹೊಪ್ಪಳೆ ಮುಖದ ಮೇಲೇ ಉದುರುತ್ತಿತ್ತು, ಕೈ ಸೋತು ಮರಗಟ್ಟುತ್ತಿತ್ತು. ಬೆಕ್ಕುಗಳು ನನ್ನನ್ನೂ ತಮ್ಮಲ್ಲಿ ಒಬ್ಬಳು ಎಂದುಕೊಂಡು ಪಕ್ಕದಲ್ಲೇ ಮಲಗಿದವು. ಕಟ್ಟಡದ ಹೆಂಗಸರು ಬಾಲ್ಕನಿಯಿಂದ ನೋಡಿ, ಪಾಪ, ತಲೆ ಸರಿ ಇಲ್ಲವೇನೋ ಎಂದು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ, ನನ್ನದೇನು ಹೋಗುತ್ತದೆ? ಹೀಗೆ ದಿನಾ ಬೆಳಿಗ್ಗೆ ಹೆರೆಯುತ್ತಾ ಹೋದಂತೆ ಅಡಿಯಿಂದ ಒಳ್ಳೆಯ ಕಬ್ಬಿಣ ಕಾಣತೊಡಗಿತು. ತೂತು ಎಲ್ಲೂ ಇರಲಿಲ್ಲ. ಮುಂದಿನ ಪೆಡಲಿನಿಂದ ಹಿಂದಿನ ಎಂಜಿನ್ನಿಗೆ ಹೋಗುವ ಕ್ಲಚ್ ಕೇಬಲ್ಲಿನ ತುದಿ ಮಾತ್ರ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಒಮಾನಿಗೆ ಫೋನ್ ಮಾಡಿ ಹೇಳಿದೆ. ಯಾಕೆ, ಏನು ಎಂದು ಕೇಳದೆ ಅವನು ಹೊಸ ಕೇಬಲ್ ತಂದು ಕಟ್ಟಡದ ಕಾವಲುಗಾರನ ಕೈಯಲ್ಲಿ ಕೊಟ್ಟು ಹೋದ.

ಇವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಉಗುರು ನೋಡಿದರೆ ಸಾಕಿತ್ತು. "ಹೆರೆದು ಕೊಟ್ಟರೆ ಕಾಕನಿಗೆ ಒಳ್ಳೇದಾಯ್ತು," ಎಂದು ಒಮ್ಮೆ ಕೊಂಕು ನುಡಿದರು. ನಾನು ಹೆರೆಯುವುದನ್ನು ಬಿಡಲಿಲ್ಲ.

ಕಾಕ ಬರುವ ಶುಕ್ರವಾರ ಬಂತು. ಗಾಡಿಯನ್ನು ಬೀಳ್ಕೊಡಲು ಎಂದು ಗುಂಪಿನವರನ್ನೂ ಇವರು ಕರೆದಿದ್ದರು. ನಾನು ಬೆಳಿಗ್ಗೆಯೇ ಎಲ್ಲರಿಗೂ ಚಾ ಕೊಟ್ಟೆ. ಆಮೇಲೆ ಒಳಗೆ ಹೋಗಿ ಪ್ಯಾಂಟು ಹಾಕಿ ಬಂದು, ಎಲ್ಲರ ಎದುರಿಗೇ ಚಾಪೆ ಹಾಸಿ ವ್ಯಾನಿನ ಅಡಿಗೆ ಸರಿದೆ. ಕೇಬಲ್ ಹಾಕುವ ಕೆಲಸ ನಿಜವಾಗಿಯೂ ಬಾಕಿ ಇತ್ತು.

ನನಗೆ ಕಾಣುತ್ತಿದ್ದದ್ದು ಅವರ ಚಪ್ಪಲಿಗಳು ಮಾತ್ರ. ಸ್ವಲ್ಪದರಲ್ಲಿ ಕಾಕನ ಪಿಕಪ್ ಬಂದು ನಿಂತಿತು, ಎಳೆಯುವ ಹಗ್ಗ ನೆಲಕ್ಕೆ ಬಿತ್ತು.

"ಹೊರಗೆ ಬಾ ಮಾರಾಯ್ತಿ, ಮಾನ ತೆಗೀಬೇಡ," ಎಂದರು ಇವರು, ಹಲ್ಲು ಕಚ್ಚಿಕೊಂಡು.

"ಕೆಲಸ ಉಂಟು. ಆಗುದಿಲ್ಲ."

"ನಾನು ಅವನಿಗೆ ಮಾತು ಕೊಟ್ಟಿದ್ದೇನೆ."

"ನನ್ನ ಗಾಡಿಗೆ ನೀವು ಮಾತು ಕೊಟ್ಟರೆ ನಾನೆಂತ ಮಾಡ್ಲಿ?"

ಕಾಕ ಹಗ್ಗ ಹಿಡಿದು ಮುಂದಿನ ಬಂಪರಿನ ಹತ್ತಿರ ಬಂದ. ಆಗ ಇಂಗ್ಲಿಷ್ ಮುದುಕನ ಬೂಟುಗಳು ಅಡ್ಡ ಬಂದವು. ಅಡಿಯಲ್ಲಿ ಜನ ಇದ್ದಾರೆ, ಯಾರೂ ಗಾಡಿ ಮುಟ್ಟಬಾರದು ಎಂದ ಅವನು. ಅವಳು ಹೆಂಗಸಲ್ಲವೇ, ಎಂದು ಇವರು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಅಡಿಯಲ್ಲಿ ಇರುವುದು ಯಾರು ಎಂದು ಕಟ್ಟಳೆಯಲ್ಲಿ ಇಲ್ಲ, ಎಂದ ಮುದುಕ. ಧೈರ್ಯ ಮಾಡಿ ಕೈ ಹೊರಗೆ ಚಾಚಿ, "ಹದಿಮೂರರ ಸ್ಪ್ಯಾನರ್," ಎಂದೆ. ಆಮೇಲೆ ಒಮಾನಿ ಕುರ್ಚಿ ಎಳೆದು ಕೂತು, "ಯೇ ಲೋ, ಸಿಸ್ಟರ್," ಎಂದು ಅಂಗೈಗೆ ಇಟ್ಟ. ಮುಂದಿನದ್ದನ್ನು ಕೊಟ್ಟದ್ದು ಪೊರ್ಬುಗಳು. "ಅಕ್ಕ, ಆ ನಟ್ಟು ಹೆಚ್ಚು ಬಿಗಿ ಮಾಡ್ಲಿಕ್ಕಿಲ್ಲ," ಎಂದರು.

"ಕೇಳದೆ ಬುದ್ಧಿ ಹೇಳ್ಲಿಕ್ಕಿಲ್ಲ ಪೊರ್ಬುಗಳೇ," ಎಂದೆ. ಅವರು ಬಾಯಿ ಮುಚ್ಚಿಕೊಂಡರು.

ಕಾಕ ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲು ನೆತ್ತಿಗೆ ಬರುವವರೆಗೆ ಕಾದ, ನಾನು ಮಾಡಿಟ್ಟ ಚಾವನ್ನೇ ಎರಡು ಸಲ ಕುಡಿದ. ಜುಮ್ಮಾ ನಮಾಜಿನ ಹೊತ್ತಾದಾಗ ಬಗ್ಗಿ ಅಡಿಗೆ ಇಣುಕಿ, "ಅಕ್ಕಾ, ನೀವು ಇವತ್ತು ಬರುದಿಲ್ಲ ಅಲ್ವಾ?" ಎಂದು ಕೇಳಿದ.

"ಇವತ್ತೂ ಇಲ್ಲ, ಬರುವ ಶುಕ್ರವಾರವೂ ಇಲ್ಲ."

ಅವನು ನಕ್ಕು ಹಗ್ಗ ಸುತ್ತಿಕೊಂಡು ಹೋದ. ಇವರು ಫ್ಲ್ಯಾಟಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕೇಬಲ್ ಸಿಕ್ಕಿಸಿ, ಹದಕ್ಕೆ ತಂದು ನಾನು ಹೊರಗೆ ಬರುವಾಗ ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ.

ಆಮೇಲೆ ಮನೆಯಲ್ಲಿ ಮಾತಿಲ್ಲ. ಊಟ ಬಡಿಸಿದರೆ ಉಣ್ಣುತ್ತಿದ್ದರು, ಅಷ್ಟೆ. ಸ್ನೇಹಿತರ ಎದುರು ಗಂಡನ ಮರ್ಯಾದೆ ಕಳೆದೆ ಎಂದು ಇವರ ಅಕ್ಕ ಊರಿನಿಂದ ಫೋನಿನಲ್ಲಿ ನನಗೆ ಬುದ್ಧಿ ಹೇಳಿದರು. ನಾನು ಕೇಳಿಸಿಕೊಂಡೆ, ತಪ್ಪಾಯಿತು ಎನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಮುಲ್ಕಿಯಾ ಮುಗಿಯುವ ಮೊದಲು ಒಂದು ಬೆಳಿಗ್ಗೆ ಇವರು ಅಂಗಿ ಹಾಕಿಕೊಂಡು, ಚಾವಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. "ಬರ್ತೀಯಾ?" ಎಂದರು. ತಪಾಸಣೆಗೆ ಹೋಗುವ ದಾರಿಯುದ್ದಕ್ಕೂ ಗೇರು ಬದಲಿಸುವಾಗೆಲ್ಲ ಇವರ ಮುಖ ನೋವಿಗೆ ಹಿಂಡಿಕೊಳ್ಳುತ್ತಿತ್ತು. ಅದೇ ಇನ್‌ಸ್ಪೆಕ್ಟರ್. ಟಾರ್ಚು ಹಿಡಿದು ಅಡಿಯಲ್ಲೆಲ್ಲ ನೋಡಿದ, ಕಬ್ಬಿಣದ ರಾಡಿನಿಂದ ತಟ್ಟಿ ನೋಡಿದ. ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು ಎಂದು ಹಿಂದಿಯಲ್ಲಿ ಕೇಳಿದ. ಏನು ಹೇಳುತ್ತಾರೆ ನೋಡುವ ಎಂದು ನಾನು ಇವರ ಮುಖವನ್ನೇ ನೋಡಿದೆ.

"ಗ್ಯಾರೇಜಲ್ಲ," ಎಂದರು ಇವರು. "ಇವಳು."

ಅವನು ನಂಬಲಿಲ್ಲ, ತಮಾಷೆ ಎಂದುಕೊಂಡು ನಕ್ಕ. ಕಾಗದಕ್ಕೆ ಮುದ್ರೆ ಮಾತ್ರ ಒತ್ತಿದ.

ವಾಪಸು ಬರುವಾಗ ಅಲ್ ಖೌದ್‌ನ ಆಚೆ, ಇನ್ನೂ ಕಟ್ಟಡ ಏಳದ ಬಯಲಿನಲ್ಲಿ ಇವರು ವ್ಯಾನು ನಿಲ್ಲಿಸಿ ಇಳಿದರು. ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಸುತ್ತು ಬಂದು ನನ್ನ ಬದಿಯ ಬಾಗಿಲು ತೆಗೆದರು.

"ಆಚೆ ಸರಿ," ಎಂದರು. "ನನ್ನ ಬೆನ್ನಿಗೆ ಇನ್ನು ಇದು ಆಗುದಿಲ್ಲ. ಕಲಿತು ಲೈಸೆನ್ಸ್ ತೆಗೆ."

ಸರಿದು ಸ್ಟೇರಿಂಗ್ ಹಿಡಿದೆ. ಎಂಜಿನ್ನು ಶುರುವಾಯಿತು. ಕಾಲು ಬಿಟ್ಟ ಕೂಡಲೇ ಗಾಡಿ ಒಮ್ಮೆ ಹಾರಿ ಬಂದ್ ಬಿತ್ತು, ಹಿಂದೆ ಪಾತ್ರೆಗಳೆಲ್ಲ ಉರುಳಿದವು.

"ಎಡಗಾಲು ನಿಧಾನ ಬಿಡಬೇಕು. ಕ್ಲಚ್ಚು ಅಂದ್ರೆ..." ಎಂದು ಇವರು ವಿವರಿಸಲು ಹೊರಟರು.

"ಎಂತದು ಅಂತ ಗೊತ್ತುಂಟು," ಎಂದೆ. "ಅದನ್ನು ಹಾಕಿದವಳು ನಾನು."

ಮತ್ತೆ ಚಾವಿ ತಿರುಗಿಸಿ, ಎಡಗಾಲನ್ನು ನಿಧಾನವಾಗಿ ಬಿಟ್ಟೆ. ವ್ಯಾನು ಹೊರಟಿತು.