ರುದ್ರವ್ವನ ಒಲೆಯ ತಪಾಸಣೆ

ಮಾಲು ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ರುದ್ರವ್ವನನ್ನು ಮೊದಲ ಸಲ ಕಂಡಾಗ ನಾನು ಹಾಕಿದ ಅಂದಾಜು ಹೀಗಿತ್ತು: ವಯಸ್ಸು ಐವತ್ತರ ಆಸುಪಾಸು. ತೂಕ ಒಂದು ಗೋಣಿ ಇದ್ದಿಲಿಗಿಂತ ತುಸು ಹೆಚ್ಚು. ಹಳೆಯ ಇಳಕಲ್ಲ ಸೀರೆ, ಎರಡು ಕಡೆ ತೇಪೆ. ತೇಪೆಯ ಹೊಲಿಗೆ ಮಾತ್ರ ಸೀರೆಗಿಂತ ಗಟ್ಟಿ. ಧ್ವನಿ ಸಗಟು, ಕೊಳ್ಳುವುದು ಚಿಲ್ಲರೆ. ಈ ಗಿರಾಕಿಯಿಂದ ಏನೂ ಗಿಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಬದಿಗಿಟ್ಟೆ. ಅಂದಾಜು ತಪ್ಪುವುದು ವ್ಯಾಪಾರದಲ್ಲಿ ಇದ್ದದ್ದೇ.

ಮುಂಬಯಿಯ ಪರೇಲ್‌ನಲ್ಲಿ ನನ್ನದು ಕಲ್ಲಿದ್ದಲು, ಸೀಮೆಎಣ್ಣೆಯ ವಖಾರಿ. ಗೋಣಿ ತುಂಬುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ: ಮೇಲೆ ಹೆಂಟೆ, ಕೆಳಗೆ ಪುಡಿ, ನಡುವೆ ತೂಕಕ್ಕೆಂದು ಒಂದಿಷ್ಟು ನೀರು. ಇದನ್ನು ನಾವು ಮೋಸ ಎನ್ನುವುದಿಲ್ಲ, ರಿವಾಜು ಎನ್ನುತ್ತೇವೆ. ರುದ್ರವ್ವ ಮೊದಲ ದಿನವೇ ಗೋಣಿಯನ್ನು ಬೋರಲು ಹಾಕಿ ಸುರಿದಳು. ಅಂಗೈ ಒದ್ದೆಯಾಯಿತು.

“ಸಾವಕಾರ್ರ, ನೀರು ನಮ್ಮ ಚಾಳಿನ ನಳದಾಗ ಪುಕ್ಕಟೆ ಬರತೈತ್ರಿ. ನಾ ಕೊಳ್ಳಾಕ ಬಂದಿದ್ದು ಕಲ್ಲಿದ್ದಲಿ.”

“ಮಳಿ ಹನಿ ಬಿದ್ದಿರಬೇಕವ್ವ.”

“ಹೋಳಿ ಹುಣ್ಣಿವಿ ಮುಂದ ಮಳಿ? ನಿಮ್ಮ ಗೋಣಿ ಮ್ಯಾಲಷ್ಟ ಬಿತ್ತೇನ್ರಿ?”

ಅಂದಿನಿಂದ ಅವಳ ಗೋಣಿ ಒಣಗಿದ್ದೇ ಇರುತ್ತಿತ್ತು.

ಅವಳ ಗಂಡ ಗದಿಗೆಪ್ಪ ಗಿರಣಿಯಲ್ಲಿ ಇಪ್ಪತ್ತು ವರ್ಷ ಹತ್ತಿಯ ಧೂಳು ಕುಡಿದು, ಈಗ ಮನೆಯಲ್ಲಿ ಕೂತು ಕೆಮ್ಮುತ್ತಿದ್ದ. ಚಾಳಿನ ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ ರುದ್ರವ್ವ ಖಾನಾವಳಿ ನಡೆಸುತ್ತಿದ್ದಳು. ವಿಜಾಪುರದ ಕಡೆಯ ಏಳು ಮಂದಿ ಗಿರಣಿ ಆಳುಗಳಿಗೆ ಎರಡು ಹೊತ್ತು ಜೋಳದ ರೊಟ್ಟಿ. ಹೆಂಟೆ ಕಲ್ಲಿದ್ದಲು ನಿತ್ಯಕ್ಕೆ ಅವಳ ಕೈಗೆಟಕುತ್ತಿರಲಿಲ್ಲ. ನನ್ನ ವಖಾರಿಯ ನೆಲ ಗುಡಿಸಿ ಬಂದ ಪುಡಿಯನ್ನು ಕೊಂಡು, ಕೆಮ್ಮಣ್ಣು, ಸಗಣಿ ಬೆರೆಸಿ ಉಂಡೆ ಕಟ್ಟಿ ಗ್ಯಾಲರಿಯಲ್ಲಿ ಒಣಗಿಸುತ್ತಿದ್ದಳು. ಎಂಟು ತಿಂಗಳು ಅದರಲ್ಲೇ ನಡೆಯುತ್ತಿತ್ತು. ಮಳೆಗಾಲದಲ್ಲಿ ಉಂಡೆ ಒಣಗುವುದಿಲ್ಲ. ಹಿಂದಿನ ಮಳೆಗಾಲ ರೊಟ್ಟಿ ತಡವಾಯಿತು. ಪಾಳಿಗೆ ಕೂಗುವ ಗಿರಣಿಯ ಭೋಂಗಾ ರೊಟ್ಟಿಗಾಗಿ ಕಾಯುವುದಿಲ್ಲವಲ್ಲ, ಮೂವರು ಬೇರೆ ಖಾನಾವಳಿ ಹಿಡಿದರು. ಉಳಿದ ನಾಲ್ವರೂ ಹೋದರೆ ಗದಿಗೆಪ್ಪನ ಔಷಧವೂ ಕೋಣೆಯ ಬಾಡಿಗೆಯೂ ನಿಂತಂತೆಯೇ.

ಐವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಮುಂಬಯಿಯ ನಮ್ಮ ಕನ್ನಡದವರು ಬಡಕುಟುಂಬಗಳ ಉರುವಲು ಸಹಾಯಕ ಸಮಿತಿ ಎಂದೊಂದು ಕಟ್ಟಿದರು. ಅರ್ಹ ಮನೆಗಳಿಗೆ ಮಳೆಗಾಲದ ನಾಲ್ಕು ತಿಂಗಳು ಕಲ್ಲಿದ್ದಲು, ಸೀಮೆಎಣ್ಣೆಗೆ ಅರ್ಧ ಬೆಲೆಯ ಕೂಪನ್ನು, ಉಳಿದರ್ಧ ಸಮಿತಿಯದು. ಅಧ್ಯಕ್ಷರು ಗ್ರಾಂಟ್ ರೋಡ್‌ನ ಹೋಟೆಲಿನ ಸದಾನಂದ ರಾಯರು. ಕೂಪನ್ನು ನಡೆಯುವುದು ನನ್ನ ವಖಾರಿಯಲ್ಲಿ, ಆದ್ದರಿಂದ ನಾನೂ ಸದಸ್ಯ. ಧರ್ಮವೂ ಆಯಿತು, ಮಾಲೂ ಖಾಲಿಯಾಯಿತು. ಇಂಥ ಪುಣ್ಯಕ್ಕೆ ಯಾರು ಬೇಡವೆನ್ನುತ್ತಾರೆ?

ಅರ್ಜಿ ಫಾರಮ್ಮಿನಲ್ಲಿ ಹದಿನಾಲ್ಕು ಪ್ರಶ್ನೆ. ಹನ್ನೊಂದನೆಯದು: ತಪಾಸಣೆಯ ವೇಳೆ ಒಲೆ ಉರಿಯುತ್ತಿತ್ತೇ? ಉರಿಯುತ್ತಿದ್ದರೆ ಆ ಮನೆಯಲ್ಲಿ ಉರುವಲಿದೆ, ಸಹಾಯ ಬೇಕಿಲ್ಲ ಎಂದು ರಾಯರ ತರ್ಕ. ಒಲೆ ತಣ್ಣಗಿದ್ದವರಿಗೆ ಮಾತ್ರ ಕಲ್ಲಿದ್ದಲು. ರಾಯರು ಹೋಟೆಲಿನಲ್ಲೂ ಹೀಗೆಯೇ, ಹಸಿವಿಲ್ಲದವರಿಗೆ ಊಟ ಬಡಿಸಿದವರಲ್ಲ.

ರುದ್ರವ್ವನ ಹೆಸರು ಬರೆಸಿದವನು ನಾನು. ತಪಾಸಣೆಯ ಹಿಂದಿನ ದಿನ ಹೋಗಿ ಪಾಠವನ್ನೂ ಹೇಳಿಕೊಟ್ಟೆ.

“ನಾಳೆ ಹನ್ನೊಂದಕ್ಕ ಬರತೀವಿ. ಶೇಗಡಿ ಒಲಿ ಆರಿಸಿಡು. ತಾಮ್ರದ ಕೊಡ ಮುಚ್ಚಿಡು. ಗದಿಗೆಪ್ಪಗ ಕೆಮ್ಮಾಕ ಹೇಳು.”

“ಅದನ್ನ ಅವರಿಗೆ ಹೇಳೂದು ಬ್ಯಾಡ್ರಿ. ಶೇಗಡಿ ಆರಿಸಿಡತೀನಿ.”

ಮಾತಿನಂತೆ ಆರಿಸಿಟ್ಟಿದ್ದಳು. ರಾಯರು, ಮಲಾಡ್‌ನಿಂದ ಬಂದ ಸದಸ್ಯೆ ವಿನೋದಿನಿಬಾಯಿ, ನಾನು, ಮೂವರೂ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿದೆವು. ರಾಯರು ಶೇಗಡಿಯ ಬೂದಿಯೊಳಗೆ ಬೆರಳಿಟ್ಟು ನೋಡಿದರು. ತಣ್ಣಗಿತ್ತು. ಹತ್ತು ಪ್ರಶ್ನೆ ಮುಗಿದವು. ಹನ್ನೊಂದನೆಯದಕ್ಕೆ ವಿನೋದಿನಿಬಾಯಿ ಪೆನ್ನು ತೆಗೆಯುವಷ್ಟರಲ್ಲಿ ರಾಯರು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತ ಅಂದರು:

“ಎಂಥ ಸೆಖೆ ಮಾರಾಯ್ರೆ. ಬೆಳಿಗ್ಗೆಯಿಂದ ಐದು ಮನೆ ಆಯ್ತು, ಹೊಟ್ಟೆಗೆ ಒಂದು ಗುಟುಕು ಚಾ ಸಹ ಇಲ್ಲ.”

ಈ ಮಾತನ್ನು ನಮ್ಮ ಕಡೆಯ ಹೆಂಗಸಿನ ಎದುರು ಆಡಬಾರದು. ರುದ್ರವ್ವ ಎದ್ದಳು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಗದಿಗೆಪ್ಪನ ಪಾಲಿನದನ್ನೂ ನಾನೇ ಕೆಮ್ಮಿದೆ. ಅವಳು ನೋಡಲಿಲ್ಲ. ಮಂಚದ ಕೆಳಗಿನಿಂದ ಕಡೆಯ ಒಣ ಉಂಡೆಗಳು ಬಂದವು. ಶೇಗಡಿ ಹೊತ್ತಿತು. ಹಂಚಿನ ಮೇಲೆ ರೊಟ್ಟಿ ಬಿತ್ತು. ಎಣ್ಣೆಗಾಯಿ, ಶೇಂಗಾ ಹಿಂಡಿ, ಪಕ್ಕದ ಕೋಣೆಯ ಸೇವಂತಿಯಿಂದ ಕಡ ತಂದ ಮೊಸರು.

“ಒಂದು ಚಾ ಸಾಕಿತ್ತು ಅಮ್ಮ,” ಎಂದರು ರಾಯರು, ಮೂರನೆಯ ರೊಟ್ಟಿಗೆ ಕೈಚಾಚುತ್ತ.

“ಉಣ್ಣ್ರೀ. ಬಂದವರು ಬರೇ ಬಾಯಿಲೆ ಇಳದ ಹೋದ್ರ ಈ ಮೆಟ್ಟಲ ನಗತಾವು.”

ರಾಯರು ನಾಲ್ಕು ತಿಂದರು. ನಾನು ಐದು. ವಿನೋದಿನಿಬಾಯಿ “ಮಲಾಡ್‌ನಲ್ಲಿ ಇಷ್ಟು ಬಿಸಿ ಊಟ ನಮ್ಮನೇಲೂ ಸಿಗಲ್ಲ,” ಅಂದರು. ಆಮೇಲೆ ಕೈತೊಳೆದು, ಒರೆಸಿಕೊಂಡು, ಹನ್ನೊಂದನೆಯ ಪ್ರಶ್ನೆಯ ಮುಂದೆ ಬರೆದರು: ಉರಿಯುತ್ತಿತ್ತು.

ಸಂಜೆ ಸಭೆ. “ಒಲೆ ಉರಿಯುವುದನ್ನು ನಾವೇ ಕಣ್ಣಾರೆ ನೋಡಿದ್ದೇವೆ,” ಎಂದರು ರಾಯರು. “ನಿಯಮ ಅಂದ್ರೆ ನಿಯಮ. ನೀವೆಂಥ ಹೇಳ್ತೀರಿ?” ಎಂದು ನನ್ನ ಕಡೆ ತಿರುಗಿದರು. ಕೂಪನ್ನಿನ ಗುತ್ತಿಗೆಗೆ ಅಂದೇ ಅವರ ಸಹಿ ಬೀಳಬೇಕಿತ್ತು. ನಿಯಮ ನಿಯಮವೇ ಎಂದೆ. ಅರ್ಜಿ ಬಿದ್ದುಹೋಯಿತು, ಸಹಿ ಬಿತ್ತು.

ವಾರ ಕಳೆದು ಅವಳು ಪುಡಿಗೆ ಬಂದಾಗ ನಾನೇ ಮೊದಲು ದಬಾಯಿಸಿದೆ. ಹೆದರಿದ ವ್ಯಾಪಾರಿ ಹಾಗೆಯೇ ಮಾಡುತ್ತಾನೆ.

“ಒಲಿ ಹಚ್ಚಬ್ಯಾಡ ಅಂತ ಹೇಳಿದ್ದೆ ಇಲ್ಲೋ?”

“ಹೇಳಿದ್ರಿ. ಹೇಳಿದವರೇ ಐದು ರೊಟ್ಟಿ ತಿಂದ್ರಿ.”

ತಕ್ಕಡಿಯ ಕಡೆ ನೋಡಿದೆ. ಅಂದು ತೂಕ ಸರಿಯಾಗಿತ್ತು, ಅದರಿಂದೇನೂ ಸಮಾಧಾನವಾಗಲಿಲ್ಲ.

ಮಳೆ ಹಿಡಿಯಿತು. ಖಾನಾವಳಿ ಇಂದೋ ನಾಳೆಯೋ ಮುಚ್ಚುತ್ತದೆಂದು ಕಾದೆ. ಬದಲಿಗೆ ಆ ಚಾಳಿನಿಂದ ಬರುತ್ತಿದ್ದ ನಾಲ್ಕು ಗಿರಾಕಿಗಳಲ್ಲಿ ಮೂವರು ಬರುವುದನ್ನು ನಿಲ್ಲಿಸಿದರು. ನಷ್ಟದ ಕಾರಣ ಹುಡುಕುತ್ತ ನಾನೇ ಮೂರು ಮಹಡಿ ಹತ್ತಿದೆ.

ಗ್ಯಾಲರಿಯಲ್ಲಿ ಒಂದೇ ದೊಡ್ಡ ಶೇಗಡಿ ಉರಿಯುತ್ತಿತ್ತು. ನಾಲ್ಕು ಮನೆಯವರು ಕೂಡಿ ಒಂದು ಗೋಣಿ ಹೆಂಟೆ ತಂದು, ಒಂದೇ ಬೆಂಕಿಯ ಮೇಲೆ ಸರದಿಯಲ್ಲಿ ಅಡಿಗೆ ಮಾಡುತ್ತಿದ್ದರು. ಬೆಳಗಿನ ಭೋಂಗಾಕ್ಕೆ ಮೊದಲು ರುದ್ರವ್ವನ ರೊಟ್ಟಿ, ಆಮೇಲೆ ಎರಡು ಮನೆಯ ಅನ್ನ ಬೇಳೆ, ಎಲ್ಲರದೂ ಮುಗಿದ ಮೇಲೆ ಸೇವಂತಿಯ ಮೀನು. ಉಡುಪಿಯ ಕಡಲತಡಿಯ ಸೇವಂತಿಯ ಮೀನಿಗೆ ಆರು ವರ್ಷ ಮೂಗು ಮುಚ್ಚಿಕೊಂಡಿದ್ದ ರುದ್ರವ್ವ, ಮುಂಜಾನೆ ಎದ್ದು ಶೇಗಡಿಗೆ ಮಣ್ಣು ಸಾರಿಸಿ ಮತ್ತೆ ಮಡಿ ಮಾಡಿಕೊಳ್ಳುತ್ತಿದ್ದಳು.

“ಹೆದರಬೇಡಿ ಅಕ್ಕ,” ಎನ್ನುತ್ತಿದ್ದಳು ಸೇವಂತಿ, “ನನ್ನ ಬಂಗುಡೆ ನಿಮ್ಮ ರೊಟ್ಟಿಯನ್ನು ಕಚ್ಚುವುದಿಲ್ಲ.”

“ಕಚ್ಚಲಿ ಬಿಡವಾ. ರೊಟ್ಟಿ ಅಷ್ಟೇನ್ ಮೆತ್ತಗಿಲ್ಲ.”

ನಾಲ್ವರು ಊಟದವರು ಹೋಗಲಿಲ್ಲ. ಬಿಟ್ಟುಹೋದ ಮೂವರಲ್ಲಿ ಇಬ್ಬರು ತಿರುಗಿ ಬಂದರು.

ದೀಪಾವಳಿಗೆ ಸಮಿತಿಯ ವಾರ್ಷಿಕ ಸಭೆ. ರಾಯರು ವರದಿ ಓದಿದರು: “ನಮ್ಮ ಸಮಿತಿಯ ಪ್ರೇರಣೆಯಿಂದ ಪರೇಲ್‌ನ ಒಂದು ಚಾಳಿನಲ್ಲಿ ನಾಲ್ಕು ಕುಟುಂಬಗಳು ಒಂದೇ ಒಲೆಯಲ್ಲಿ ಅಡಿಗೆ ಮಾಡುವುದನ್ನು ಕಲಿತಿವೆ.” ಚಪ್ಪಾಳೆ ಬಿತ್ತು. ಖರ್ಚಾಗದೆ ಉಳಿದ ನಿಧಿಯಲ್ಲಿ ಬರುವ ವರ್ಷದ ಫಾರಮ್ಮಿಗೆ ಒಳ್ಳೆಯ ಕಾಗದ ತರಿಸುವುದೆಂದು ನಿರ್ಧಾರವಾಯಿತು. ನಾನೂ ಚಪ್ಪಾಳೆ ತಟ್ಟಿದೆ.

ರುದ್ರವ್ವ ಈಗಲೂ ನನ್ನ ಗಿರಾಕಿ. ಈಗಲೂ ಗೋಣಿ ಬೋರಲು ಹಾಕಿಯೇ ಕೊಳ್ಳುತ್ತಾಳೆ. ವಾರ್ಷಿಕ ಸಭೆಯ ಆ ಮಾತನ್ನು ಅವಳು ಕೇಳಿಲ್ಲ, ನಾನು ಹೇಳಿಲ್ಲ.

ತಪಾಸಣೆಯ ದಿನ ಒಲೆಯನ್ನು ಅವಳು ನಮಗಾಗಿ ಹಚ್ಚಿದಳು ಎಂದು ಅಂದು ಸಂಜೆಯ ಸಭೆಯಲ್ಲಿ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಆ ಒಂದು ಮಾತು ನಾನು ರುದ್ರವ್ವನಿಗೆ ಕೊಡಬೇಕಾದ ಬಾಕಿ.