ದಂಡನಾಯಕರಿಗೆ ದಂಡನಾಯಕರ ಅರ್ಜಿ

ನಮ್ಮ ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಯುದ್ಧವಿಮಾನ ಹಾರಿಸಿದವರು. ಒಮ್ಮೆ ಎಂಜಿನ್ನಿಗೆ ಬೆಂಕಿ ಹತ್ತಿದಾಗ ವಿಮಾನವನ್ನು ಊರಾಚೆಯ ಬಯಲಿನತ್ತ ತಿರುಗಿಸಿ, ಕೊನೇ ಗಳಿಗೆಯಲ್ಲಿ ಪ್ಯಾರಾಚೂಟಿನಲ್ಲಿ ಹೊರಬಿದ್ದರು. ಇಳಿದದ್ದು ಒಂದು ಶಾಲೆಯ ಮೈದಾನಕ್ಕೆ, ಓಟದ ಪಂದ್ಯದ ನಟ್ಟನಡುವೆ. ಗೆಲುವಿನ ಗೆರೆಯಾಚೆ ಮೂರನೆಯವರಾಗಿ ಬಿದ್ದರೆಂದು ತೀರ್ಪುಗಾರ ಮೇಷ್ಟ್ರು ಅವರಿಗೆ ಮೂರನೇ ಬಹುಮಾನವಾಗಿ ಸೋಪಿನ ಡಬ್ಬಿ ಕೊಟ್ಟರು.

ಸರ್ಕಾರ ಬಡ್ತಿ ಕೊಟ್ಟಿತು. ಬಡ್ತಿಯ ಮೇಲೆ ಬಡ್ತಿ ಬಂದು, ಕೊನೆಗೆ ಎಂಬತ್ತು ವಿಮಾನಗಳ ದಂಡನಾಯಕರಾಗಿ ಕುರ್ಚಿಗೆ ಅಂಟಿಕೊಂಡರು. ಮೇಜಿನ ಮೇಲೆ ನಾಲ್ಕು ಫೋನು, ಕಿಟಕಿಯಾಚೆ ರನ್‌ವೇ. ಅಲ್ಲಿ ವಿಮಾನಗಳು ಗುಡುಗುತ್ತಾ ಏಳುವಾಗ ಇವರು ಶೌಚಾಲಯಕ್ಕೆ ಹೊಸ ಬಕೆಟ್ ಬೇಕೆಂಬ ಫೈಲಿಗೆ ಸಹಿ ಹಾಕುತ್ತಿದ್ದರು.

ಒಂದು ದಿನ ತಡೆಯಲಾರದೆ ಗುಮಾಸ್ತರನ್ನು ಕರೆದರು. "ನಾನೊಂದ್ಸಲ ಹಾರ್ಬೇಕಲ್ರೀ. ಯಾರನ್ನ ಕೇಳ್ಬೇಕು?"

ಗುಮಾಸ್ತರು ನಿಯಮದ ಪುಸ್ತಕ ತಿರುವಿದರು. "ದಂಡನಾಯಕರ ಅಪ್ಪಣೆ ಬೇಕು ಸಾರ್."

"ಅದು ನಾನೇ ಅಲ್ವೇನ್ರೀ?"

"ಹೌದು ಸಾರ್. ಆದ್ರೂ ಅರ್ಜಿ ಬರ್ಕೊಡಿ."

ಅರ್ಜಿ ಆರು ಮೇಜು ಸುತ್ತಿ ಒಂಬತ್ತನೇ ದಿನ ಅವರ ಮುಂದೆಯೇ ಬಂದು ಕೂತಿತು. ಚಿಕ್ಕಪ್ಪ ಮುಖ ನೋಡಿ ಮಣೆ ಹಾಕಿದವರಲ್ಲ. ಅರ್ಜಿದಾರನ ವಯಸ್ಸು ಐವತ್ತಾರು, ಓದಲು ಕನ್ನಡಕ, ಎರಡೂ ಮಂಡಿ ನೋವು. "ತಿರಸ್ಕರಿಸಲಾಗಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದು, ಮನೆಗೆ ಬಂದು ಮುಖ ಊದಿಸಿಕೊಂಡು ಕೂತರು.

"ಯಾರ ಮೇಲೆ ಸಿಟ್ಟು?" ಎಂದರು ಚಿಕ್ಕಮ್ಮ.

"ಮೇಲಧಿಕಾರಿ ಮೇಲೆ. ಕಲ್ಲು ಮನಸ್ಸಿನೋನು."

"ಹೋಗಿ ಕಾಲು ಹಿಡ್ಕೊಳ್ಳಿ."

"ಹಿಡಿಯೋಣ ಅಂದ್ರೆ ಮಂಡಿ ಬಗ್ಗಲ್ಲ ಕಣೇ!"

ಕಡೆಗೆ ಚಿಕ್ಕಮ್ಮನೇ ದಾರಿ ತೋರಿಸಿದರು: ಡಾಕ್ಟರ ಚೀಟಿ ಲಗತ್ತಿಸಿ ಮರು ಅರ್ಜಿ ಹಾಕುವುದು. ಹಿಂದಿನ ಸೀಟಿನಲ್ಲಿ ಕೂರಬಹುದು, ಯಾವುದನ್ನೂ ಮುಟ್ಟಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಈ ಸಲ ದಂಡನಾಯಕರು ಒಪ್ಪಿದರು. ಅರ್ಜಿದಾರನು ಪದೇ ಪದೇ ಕಚೇರಿಗೆ ತೊಂದರೆ ಕೊಡಬಾರದೆಂಬ ಎಚ್ಚರಿಕೆಯನ್ನೂ ಸೇರಿಸಿದರು.

ವಿಮಾನ ನಡೆಸಿದ್ದು ಇಪ್ಪತ್ತಾರರ ಹುಡುಗಿ. "ಸಾರ್, ಕೈ ತೊಡೆ ಮೇಲೇ ಇರ್ಲಿ," ಎಂದು ಮೊದಲೇ ಗದರಿದಳು. ಮೋಡ ದಾಟಿದ ಮೇಲೆ ರೇಡಿಯೋದಲ್ಲಿ ಗುಮಾಸ್ತರ ದನಿ ಬಂತು: "ಸಾರ್, ಒಂದು ತುರ್ತು ಸಹಿ ಬೇಕಿತ್ತು..."

"ದಂಡನಾಯಕರು ಸೀಟಲ್ಲಿಲ್ಲ ಕಣ್ರೀ," ಎಂದರು ಚಿಕ್ಕಪ್ಪ.

ಹುಡುಗಿಗೆ ನಗು ತಡೆಯಲಾಗಲಿಲ್ಲ. ವಿಮಾನವನ್ನು ತಲೆಕೆಳಗು ಮಾಡಿದಳು. ನೆಲ ನೆತ್ತಿಯ ಮೇಲೆ ಬಂತು. ಚಿಕ್ಕಪ್ಪನ ಕಣ್ಣೀರು ಕೆನ್ನೆಗೆ ಇಳಿಯದೆ ಹಣೆಯತ್ತ ಹರಿಯಿತು.

"ಸಾಕಾ ಸಾರ್? ಇಳಿಸ್ಲಾ?"

"ಇನ್ನೊಂದೇ ಒಂದ್ಸಲ ಮಗುಚಮ್ಮಾ," ಎಂದರು, ಕೈ ತೊಡೆಯ ಮೇಲಿಟ್ಟುಕೊಂಡೇ.