ಬರಿಗಾಲಿನ ನಡಿಗೆ

ನಾನು ಶುಗರ್ ಗುಳಿಗೆಗೆ ಹೆದರಿದಷ್ಟು ಶುಗರಿಗೆ ಹೆದರಲಿಲ್ಲ. ಒಮ್ಮೆ ಶುರು ಮಾಡಿದರೆ ಸಾಯುವ ತನಕ ನುಂಗಬೇಕು ಎಂದು ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ನನ್ನ ಪಾಳಿಯವರೆಲ್ಲ ಹೇಳುತ್ತಿದ್ದರು. ಅಷ್ಟರಲ್ಲಿ ವಾಟ್ಸಾಪಿಗೆ ಒಂದು ವಿಡಿಯೋ ಬಂತು. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಶುಗರ್ ತಾನೇ ಇಳಿಯುತ್ತದಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಕಾಳಿ ನದಿಯ ದಂಡೆಯಲ್ಲಿ ಪಾಳಿಯ ಕೆಲವರು ಕೂಡಿ ಚಪ್ಪಲಿ ಬಿಟ್ಟು ದಿನಾ ನಡೆದೆವು. ಕೆಲವು ತಿಂಗಳಿಗೆ ಅಂಗಾಲ ಕೆಳಗೆ ಹತ್ತಿ ಹಾಸಿದ ಹಾಗೆ ಮೆತ್ತಗೆ ಅನ್ನಿಸತೊಡಗಿತು. ಹುಲ್ಲಿನ ಗುಣ ನೋಡ್ರಿ ಎಂದು ಜೊತೆಯವರ ಮುಂದೆ ಕೊಚ್ಚಿಕೊಂಡೆ.

ಒಂದು ದಿನ ನಡೆದು ಬಂದು ಚಹಾ ಕುಡಿಯುತ್ತ ಕೂತಿದ್ದೆ. ಹೆಂಡತಿ ಪಡಸಾಲೆಯಿಂದ ಚೀರಿದಳು.

“ಯಾರಿಗೆ ಏನಾತ್ರಿ? ಮನಿ ತುಂಬ ರಕ್ತ ಐತಿ!”

ಹೊಸ್ತಿಲಿಂದ ನನ್ನ ಕುರ್ಚಿಯ ತನಕ ಕೆಂಪು ಹೆಜ್ಜೆಗಳು. ಕಾಲು ಎತ್ತಿ ನೋಡಿದರೆ ಅಂಗಾಲಿನಲ್ಲಿ ಬಾಟಲಿಯ ಚೂರು ನಟ್ಟಿತ್ತು. ನದಿಯಲ್ಲಿ ರಾಫ್ಟಿಂಗಿಗೆ ಬಂದವರು ಒಡೆದು ಎಸೆದು ಹೋದದ್ದಿರಬೇಕು. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ. ನೋವಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಸಾಂಬ್ರಾಣಿ ಊರಿನ, ಶುಗರ್ ಇದ್ದ ನಮ್ಮ ಮಾವನಿಗೂ ಹೀಗೇ ಒಂದು ಗಾಯದಿಂದ ಶುರುವಾಗಿ, ಕೊನೆಗೆ ಮೊಣಕಾಲಿನ ತನಕ ಕಾಲು ತೆಗೆದಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಚೂರು ತೆಗೆದು ಪಟ್ಟಿ ಕಟ್ಟಿದರು. ನಡೆಯುವಾಗ ಹತ್ತಿಯ ಹಾಗೆ ಮೆತ್ತಗೆ ಅನ್ನಿಸುವ ಸಂಗತಿ ಹೇಳಿದೆ. ಅವರು ನಗಲಿಲ್ಲ.

“ಅದು ಹುಲ್ಲಿನ ಗುಣ ಅಲ್ರಿ. ಕಾಲಿನ ನರ ಸಾಯಾಕತ್ತಾವು. ಎಲ್ಲಿ ತನಕ ಹೋಗೇತಿ ನೋಡೂಣು. ಕಣ್ಣು ಮುಚ್ಚ್ರಿ. ಚುಚ್ಚಿದ್ದು ಗೊತ್ತಾದರ ಹೂಂ ಅನ್ರಿ.”

ಕಣ್ಣು ಮುಚ್ಚಿ ಮಲಗಿದೆ. ತಲೆಯ ಹತ್ತಿರ ನಿಂತ ಹೆಂಡತಿ ನನ್ನ ಕೈ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳು ಬಿಗಿಯಾದವು.

“ಹೂಂ,” ಎಂದೆ.

ಮತ್ತೆ ಬಿಗಿಯಾದವು. ಮತ್ತೆ ಹೂಂ ಎಂದೆ. ಯಾರಿಗೆ ಮೋಸ ಮಾಡುತ್ತಿದ್ದೇನೆ ಎಂದು ಯೋಚಿಸುವ ಧೈರ್ಯವೂ ಇರಲಿಲ್ಲ. ಕಾಲು ಉಳಿದರೆ ಸಾಕಾಗಿತ್ತು.

ಡಾಕ್ಟರು ಮೆಲ್ಲಗೆ ಹೇಳಿದರು, “ಅಕ್ಕಾರ, ನೀವು ಸ್ವಲ್ಪ ಹೊರಗ ಕುಂದರ್ರಿ.”

ಅವಳು ಕೈ ಬಿಟ್ಟಳು. ಬಾಗಿಲು ಮುಚ್ಚಿದ ಸಪ್ಪಳ ಕೇಳಿತು.

“ಈಗ ಹೇಳ್ರಿ,” ಎಂದರು ಡಾಕ್ಟರು.

ಚುಚ್ಚಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.